ಒಬ್ಬರೇ ಎರಡು ಕಡೆ, ಇಬ್ಬರು ಒಂದೇ ಕಡೆ: ಪಟ್ಟಿಗಳ ದೋಷ ಹುಡುಕಲು ಸಮಾನತಾ ವರ್ಗದ ಪರೀಕ್ಷೆಗಳು

ಹೆಸರುಗಳ ದೊಡ್ಡ ಪಟ್ಟಿಯನ್ನು ಕಾಪಾಡಿಕೊಂಡು ಬರುವವರಿಗೆ ಎರಡು ದೂರುಗಳು ತಪ್ಪಿದ್ದಲ್ಲ. ಗ್ರಂಥಾಲಯದ ಸದಸ್ಯರ ಪಟ್ಟಿಯಾಗಲಿ, ಸಹಕಾರ ಸಂಘದ ಷೇರುದಾರರ ಪಟ್ಟಿಯಾಗಲಿ, ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯಾಗಲಿ, ಒಬ್ಬರೇ ವ್ಯಕ್ತಿ ಎರಡು ಮೂರು ಸಾಲುಗಳಲ್ಲಿ ಕಾಣಿಸಿಕೊಳ್ಳುತ್ತಾರೆ; ಇಲ್ಲವೇ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರು ಒಂದೇ ಸಾಲಿನೊಳಗೆ ಸೇರಿಹೋಗಿರುತ್ತಾರೆ. ಮೊದಲನೆಯದನ್ನು ಸರಿಪಡಿಸಲು ನಿಯಮವನ್ನು ಸಡಿಲಗೊಳಿಸಿದರೆ ಎರಡನೆಯದು ಹುಟ್ಟುತ್ತದೆ. ಬಿಗಿಗೊಳಿಸಿದರೆ ಮೊದಲನೆಯದು ಮರಳಿ ಬರುತ್ತದೆ. ಸಡಿಲ–ಬಿಗಿ ಮಾಡುತ್ತ ಕೂರುವುದರಿಂದ ಈ ದೋಷ ಹೋಗುವುದಿಲ್ಲ. "ಒಂದೇ" ಎಂದು ತೀರ್ಮಾನಿಸುವ ನಿಯಮದೊಳಗೆ ಏನು ಮುರಿದಿದೆ ಎಂದು ಮೊದಲು ಪತ್ತೆ ಹಚ್ಚಬೇಕು. ಅದಕ್ಕೆ ಬೇಕಾದ ಗಣಿತ ದ್ವಿತೀಯ ಪಿಯುಸಿ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತುಬಿಡುತ್ತೇವೆ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಅದು ದಿನನಿತ್ಯ ಕೈಗೆ ಬರುವ ಸಾಧನ.

ನೆನಪಿಸಿಕೊಳ್ಳೋಣ. "ಇದೂ ಅದೂ ಸಮಾನ" ಎನ್ನುವ ಸಂಬಂಧಕ್ಕೆ ಮೂರು ಗುಣಗಳಿರಬೇಕು. ಪ್ರತಿಯೊಂದೂ ತನಗೆ ತಾನು ಸಮಾನವಾಗಿರಬೇಕು: ಇದು ಸ್ವಸಂಬಂಧ. ಕ ಎಂಬುದು ಖ ಎಂಬುದಕ್ಕೆ ಸಮಾನವಾದರೆ ಖ ಕೂಡ ಕ ಎಂಬುದಕ್ಕೆ ಸಮಾನವಾಗಿರಬೇಕು: ಇದು ಸಮಮಿತಿ. ಕ ಮತ್ತು ಖ ಸಮಾನ, ಖ ಮತ್ತು ಗ ಸಮಾನ ಎಂದಾದರೆ ಕ ಮತ್ತು ಗ ಕೂಡ ಸಮಾನವಾಗಿರಬೇಕು: ಇದು ಸಂಕ್ರಮಣ. ಈ ಮೂರೂ ಇದ್ದರೆ ಇಡೀ ಪಟ್ಟಿ ತಾನಾಗಿಯೇ ಗುಂಪುಗಳಾಗಿ ಒಡೆಯುತ್ತದೆ. ಯಾವ ದಾಖಲೆಯೂ ಹೊರಗೆ ಉಳಿಯುವುದಿಲ್ಲ, ಯಾವುದೂ ಎರಡು ಗುಂಪುಗಳಲ್ಲಿ ಇರುವುದಿಲ್ಲ. ಆ ಗುಂಪುಗಳೇ ಸಮಾನತಾ ವರ್ಗಗಳು. ತಿಂಗಳ 1, 8, 15, 22, 29ನೆಯ ತಾರೀಕುಗಳು ಒಂದೇ ವಾರದಂದು ಬರುವುದು ಹೀಗೆಯೇ: 7ರಿಂದ ಭಾಗಿಸಿದರೆ ಎಲ್ಲಕ್ಕೂ ಶೇಷ 1.

ಹತ್ತು ದಾಖಲೆಗಳನ್ನು ಗುಂಪುಗಳಾಗಿ ವಿಂಗಡಿಸಲು 1,15,975 ದಾರಿಗಳಿವೆ. ಕಣ್ಣಳತೆಯಿಂದ ಸರಿಯಾದ ವಿಂಗಡಣೆಯನ್ನು ಊಹಿಸಲು ಹೋಗಬಾರದು ಎನ್ನುವುದಕ್ಕೆ ಈ ಸಂಖ್ಯೆ ಸಾಕು.

ಕೈ ಹಾಕುವ ಮುನ್ನ

ಮೂಲ ದಾಖಲೆಗಳನ್ನು ಅಳಿಸಬೇಡಿ, ಒಂದರ ಮೇಲೊಂದು ಬರೆಯಬೇಡಿ. ಹೊಸ ಕಾಲಂ ಒಂದನ್ನು ಸೇರಿಸಿ, ಅದರಲ್ಲಿ ವರ್ಗದ ಸಂಖ್ಯೆಯನ್ನು ಮಾತ್ರ ತುಂಬಿ. ದಾಖಲೆಯಿಂದ ಅದರ ವರ್ಗಕ್ಕೆ ಹೋಗಲು ಒಂದೇ ದಾರಿ ಇದೆ, ವರ್ಗದಿಂದ ದಾಖಲೆಗೆ ಹಿಂತಿರುಗಲು ದಾರಿಯಿಲ್ಲ. ನಾಲ್ಕು ಸಾಲುಗಳನ್ನು ಒಂದಾಗಿಸಿ ನಾಲ್ಕನ್ನೂ ಅಳಿಸಿದ ಮೇಲೆ, ಅವುಗಳಲ್ಲಿ ಒಂದು ಬೇರೆಯವರದು ಎಂದು ತಿಳಿದರೆ ಮಾಡಲು ಏನೂ ಉಳಿದಿರುವುದಿಲ್ಲ. ಈ ಒಂದು ಎಚ್ಚರಿಕೆಯನ್ನು ಪಾಲಿಸಿದರೆ ಉಳಿದ ಎಲ್ಲ ತಪ್ಪುಗಳನ್ನೂ ತಿದ್ದಬಹುದು.

ಲಕ್ಷಣ: ಎರಡು ಹೆಸರುಗಳು ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಕನ್ನಡದ ಪಟ್ಟಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು, ಮೊದಲು ನೋಡಬೇಕಾದದ್ದೂ ಇದನ್ನೇ. ಹುಡುಕಿದರೆ ಸಿಗದ ಹೆಸರು ಪಟ್ಟಿಯಲ್ಲಿ ಕಣ್ಣೆದುರೇ ಇರುತ್ತದೆ.

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಮಾನದಂಡವಾದ ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ದಶಮಾನದಲ್ಲಿ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಮೀಸಲಿಡಲಾಗಿದೆ. "ಕೋ" ಎಂಬ ಅಕ್ಷರದ ಓ ಸ್ವರಚಿಹ್ನೆಗೆ 3275 ಎಂಬ ಒಂದೇ ಸಂಖ್ಯೆ ಇದೆ. ಅದನ್ನೇ ಒ ಸ್ವರಚಿಹ್ನೆ 3274 ಮತ್ತು ದೀರ್ಘದ ಗುರುತು 3285 ಎಂದು ಎರಡಾಗಿ ಬರೆಯಬಹುದು. ಎ ಸ್ವರಚಿಹ್ನೆ 3270, ಊ ಸ್ವರಚಿಹ್ನೆ 3266, ದೀರ್ಘ 3285 ಎಂದು ಮೂರಾಗಿಯೂ ಬರೆಯಬಹುದು. ಪರದೆಯ ಮೇಲೆ ಮೂರೂ ಒಂದೇ "ಕೋ" ಎಂದು ಕಾಣಬೇಕು, ಯೂನಿಕೋಡ್ ಮಾನದಂಡದ ಪ್ರಕಾರ ಮೂರೂ ಸಮಾನ. ಸಂಖ್ಯೆಗಳನ್ನು ಸಾಲಾಗಿ ಹೋಲಿಸುವ ಪ್ರೋಗ್ರಾಂಗೆ ಮಾತ್ರ ಅವು ಮೂರು ಬೇರೆ ಬೇರೆ ಪದಗಳು. ಈ, ಏ, ಐ, ಒ ಸ್ವರಚಿಹ್ನೆಗಳಿಗೂ ಹೀಗೆ ಒಡೆದು ಬರೆಯುವ ರೂಪಗಳಿವೆ.

ಮದ್ದು ಸಿದ್ಧವಾಗಿಯೇ ಇದೆ. ಪ್ರತಿ ವರ್ಗದಿಂದ ಒಂದು ಪ್ರತಿನಿಧಿ ರೂಪವನ್ನು ಆರಿಸಿ, ಉಳಿದೆಲ್ಲವನ್ನೂ ಅದಕ್ಕೆ ತಿರುಗಿಸುವ ಕ್ರಮವನ್ನು ಯೂನಿಕೋಡ್ ನಿಗದಿಪಡಿಸಿದೆ. ಎನ್‌ಎಫ್‌ಸಿ ಎನ್ನುವುದು ಅದರ ಹೆಸರು. ಪೈಥಾನ್, ಜಾವಾ ಮುಂತಾದ ಭಾಷೆಗಳಲ್ಲಿ ಅದಕ್ಕೆ ಬೇಕಾದ ಆಜ್ಞೆ ಇದ್ದೇ ಇರುತ್ತದೆ. ಹೆಸರಿನ ಕಾಲಂ ಅನ್ನು ಅದರ ಮೂಲಕ ಹಾಯಿಸಿ ಮತ್ತೆ ಹುಡುಕಿ.

ಆಮೇಲೂ ಸಿಗದಿದ್ದರೆ ಮೂರು ಕಡೆ ನೋಡಿ, ಏಕೆಂದರೆ ಅವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಮೊದಲನೆಯದು ಸೊನ್ನೆ. ಅನುಸ್ವಾರದ ಸಂಖ್ಯೆ 3202, ಕನ್ನಡದ ಅಂಕಿ ಸೊನ್ನೆಯದು 3302. "ಬೆ೦ಗಳೂರು" ಎಂದು ಅಂಕಿಯ ಸೊನ್ನೆಯನ್ನು ಹಾಕಿ ಬೆರಳಚ್ಚು ಮಾಡಿದ ಪಠ್ಯ ರಾಶಿರಾಶಿಯಾಗಿದೆ, ಅದು "ಬೆಂಗಳೂರು" ಜೊತೆ ಎಂದೂ ತಾಳೆಯಾಗದು. ಎರಡನೆಯದು ಕಣ್ಣಿಗೆ ಕಾಣದ ಜೋಡಕ–ಬಿಡಕಗಳು, ಸಂಖ್ಯೆ 8205 ಮತ್ತು 8204. "ರಾಜ್‌ಕುಮಾರ್" ಎಂದು ಬಿಡಿಸಿ ಬರೆಯಲು 8204 ಬೇಕು. ಅದಿಲ್ಲದಿದ್ದರೆ "ರಾಜ್ಕುಮಾರ್" ಎಂದು ಒತ್ತಕ್ಷರ ಮೂಡುತ್ತದೆ. ಮೂರನೆಯದು ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಜಾಗ, ಅಥವಾ "ಕೆ.ವಿ." ಮತ್ತು "ಕೆ. ವಿ." ನಡುವಿನ ಖಾಲಿ ಜಾಗ.

ಇವನ್ನು ಮೂಲ ಹೆಸರಿನಲ್ಲಿ ತಿದ್ದಬಾರದು ಎಂಬುದು ನನ್ನ ಅಭಿಪ್ರಾಯ. ತಮ್ಮ ಹೆಸರನ್ನು ಬಿಡಿಸಿ ಬರೆದವರಿಗೆ ಅದು ಹಾಗೆಯೇ ಕಾಣಬೇಕು. ಬೇರೆ ಕಾಲಂನಲ್ಲಿ ಹೋಲಿಕೆಗೆಂದೇ ಒಂದು ಕೀಲಿ ತಯಾರಿಸಿ, ಅಲ್ಲಿ ಜೋಡಕ–ಬಿಡಕ, ಚುಕ್ಕೆ, ಖಾಲಿ ಜಾಗಗಳನ್ನು ತೆಗೆಯಿರಿ. ಅಕ್ಷರಗಳ ನಡುವೆ ಬಂದ ಅಂಕಿಯ ಸೊನ್ನೆಯನ್ನು ಅನುಸ್ವಾರ ಮಾಡಿ. "ಎರಡರ ಕೀಲಿ ಒಂದೇ ಆದರೆ ಎರಡೂ ಸಮಾನ" ಎಂಬ ನಿಯಮಕ್ಕೆ ಮೂರು ಗುಣಗಳೂ ತಾವಾಗಿಯೇ ಬರುತ್ತವೆ, ಪರೀಕ್ಷಿಸುವ ಅಗತ್ಯವೇ ಇಲ್ಲ. ಯಾವುದೇ ಸಮಾನತಾ ಸಂಬಂಧಕ್ಕೆ ಇದಕ್ಕಿಂತ ಭದ್ರವಾದ ಅಡಿಪಾಯ ಇನ್ನೊಂದಿಲ್ಲ.

ಲಕ್ಷಣ: ಕೆಲವು ದಾಖಲೆಗಳು ಯಾವ ಗುಂಪಿಗೂ ಸೇರದೆ ಮಾಯ

ಪಟ್ಟಿಯನ್ನು ಅದರ ಜೊತೆಗೇ ತಾಳೆ ನೋಡಿ. ಪ್ರತಿ ದಾಖಲೆಯೂ ಕನಿಷ್ಠ ತನ್ನೊಂದಿಗೆ ತಾನು ಹೊಂದಬೇಕು. ಹೊರಬಂದ ದಾಖಲೆಗಳು ಮೂಲಕ್ಕಿಂತ ಕಡಿಮೆಯಿದ್ದರೆ ಸ್ವಸಂಬಂಧ ಮುರಿದಿದೆ. ಕಾರಣ ಬಹುತೇಕ ಖಾಲಿ ಕೋಶಗಳೇ. ದತ್ತಾಂಶದ ಪಟ್ಟಿಗಳನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ನಲ್ (ಖಾಲಿ ಕೋಶದ ಗುರುತು) ಮೌಲ್ಯವನ್ನು ನಲ್ ಜೊತೆ ಹೋಲಿಸಿದರೆ "ಹೌದು" ಎಂಬ ಉತ್ತರ ಬರುವುದಿಲ್ಲ, "ತಿಳಿಯದು" ಎಂದು ಬರುತ್ತದೆ. ಹಾಗಾಗಿ ಮೊಬೈಲ್ ಸಂಖ್ಯೆ ಬರೆಸದ ಸದಸ್ಯರು ಆ ಸಂಖ್ಯೆಯ ಮೂಲಕ ನಡೆಸಿದ ಜೋಡಣೆಯಲ್ಲಿ ಕಳೆದುಹೋಗುತ್ತಾರೆ. ಅದೇ ಎಸ್‌ಕ್ಯೂಎಲ್ ಗುಂಪು ಮಾಡುವ ಆಜ್ಞೆಯಲ್ಲಿ ಎಲ್ಲ ನಲ್‌ಗಳನ್ನೂ ಒಂದೇ ಗುಂಪಿಗೆ ಹಾಕುತ್ತದೆ! ಅಂದರೆ ಒಂದು ವರದಿಯಲ್ಲಿ ಮಾಯವಾದವರೆಲ್ಲ ಇನ್ನೊಂದು ವರದಿಯಲ್ಲಿ ಒಬ್ಬರೇ ಆಗಿ ಕಾಣುತ್ತಾರೆ. ಎರಡೂ ತಪ್ಪು. ಖಾಲಿ ಇರುವ ಪ್ರತಿ ಕೋಶಕ್ಕೂ ಆ ದಾಖಲೆಯ ಕ್ರಮಸಂಖ್ಯೆಯನ್ನೇ ಕೀಲಿಯಾಗಿ ಕೊಟ್ಟರೆ ಪ್ರತಿಯೊಂದೂ ತನ್ನದೇ ವರ್ಗದಲ್ಲಿ ಒಂಟಿಯಾಗಿ ಉಳಿಯುತ್ತದೆ.

ಲಕ್ಷಣ: ಪಟ್ಟಿಯ ಕ್ರಮ ಬದಲಿಸಿದರೆ ಉತ್ತರವೂ ಬದಲು

ಪಟ್ಟಿಯನ್ನು ಕಲಸಿ, ಬೇರೆ ಕ್ರಮದಲ್ಲಿ ಇನ್ನೊಮ್ಮೆ ಓಡಿಸಿ. ಗುಂಪುಗಳೇ ಬೇರೆಯಾಗಿ ಬಂದರೆ ಸಮಮಿತಿ ಅಥವಾ ಸಂಕ್ರಮಣ ಮುರಿದಿದೆ.

ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದು ಜೋಡಿಯನ್ನು ತೆಗೆದುಕೊಂಡು ಅದಲುಬದಲು ಮಾಡಿ ಕೇಳಿ. "ರಾಮ" ಎಂದು ಹುಡುಕಿದರೆ "ರಾಮಚಂದ್ರ" ಸಿಕ್ಕಿ, "ರಾಮಚಂದ್ರ" ಎಂದು ಹುಡುಕಿದರೆ "ರಾಮ" ಸಿಗದಿದ್ದರೆ, ನಿಯಮ "ಸಮಾನ" ಎಂಬುದನ್ನು ಕೇಳುತ್ತಿಲ್ಲ, "ಒಳಗೊಂಡಿದೆ" ಎಂಬುದನ್ನು ಕೇಳುತ್ತಿದೆ. ಇದು ಹೊಸಬರ ಪ್ರೋಗ್ರಾಂನಲ್ಲಿ ಮಾತ್ರ ಆಗುವ ತಪ್ಪಲ್ಲ. ಜಾವಾದಲ್ಲಿ ದಿನಾಂಕವನ್ನು ಇಡುವ ಡೇಟ್ ಮತ್ತು ಟೈಮ್‌ಸ್ಟ್ಯಾಂಪ್ ಎಂಬ ಎರಡು ವಿಧಗಳ ಹೋಲಿಕೆ ಸಮಮಿತವಲ್ಲ ಎಂದು ಆ ಭಾಷೆಯ ಅಧಿಕೃತ ದಾಖಲೆಯೇ ಹೇಳುತ್ತದೆ. ರಕ್ತದಾನದಲ್ಲಿಯೂ ಈ ವ್ಯತ್ಯಾಸವಿದೆ. "ಒಂದೇ ಗುಂಪಿನ ರಕ್ತ" ಎಂಬುದು ಸಮಾನತಾ ಸಂಬಂಧ, "ಕೊಡಬಹುದು" ಎಂಬುದು ಅಲ್ಲ. ಓ ಗುಂಪಿನ ಕೆಂಪು ಕಣಗಳನ್ನು ಎ ಗುಂಪಿನವರಿಗೆ ಕೊಡಬಹುದು, ಎ ಗುಂಪಿನದನ್ನು ಓ ಗುಂಪಿನವರಿಗೆ ಕೊಡುವಂತಿಲ್ಲ.

ಲಕ್ಷಣ: ಒಂದು ಗುಂಪು ಬೆಳೆಯುತ್ತಲೇ ಹೋಗುತ್ತದೆ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅತ್ಯಂತ ಹೆಚ್ಚು ಹಾನಿ ಮಾಡುವ ದೋಷ ಇದೇ. ಗುಂಪುಗಳನ್ನು ಗಾತ್ರದ ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನ ನಾಲ್ಕೈದನ್ನು ತೆರೆದು ಓದಿ. ಒಂದೇ ಗುಂಪಿನಲ್ಲಿ ಗಂಡ, ಹೆಂಡತಿ, ಮಗ, ಪಕ್ಕದೂರಿನ ಅದೇ ಹೆಸರಿನ ಇನ್ನೊಬ್ಬರು, ಅವರ ಮನೆಯವರು ಎಲ್ಲರೂ ಇದ್ದರೆ ಸಂಕ್ರಮಣ ಮುರಿದಿದೆ ಎಂದು ತಿಳಿಯಿರಿ.

ಇದಕ್ಕೆ ಎರಡು ಮೂಲಗಳಿವೆ. ಮೊದಲನೆಯದು "ಅಥವಾ". "ಹೆಸರು ಮತ್ತು ಊರು ಒಂದೇ ಆಗಿದ್ದರೆ, ಅಥವಾ ಮೊಬೈಲ್ ಸಂಖ್ಯೆ ಒಂದೇ ಆಗಿದ್ದರೆ, ಒಬ್ಬರೇ" ಎಂಬ ನಿಯಮ ಕೇಳಲು ಸರಿಯಾಗಿದೆ. ನಮ್ಮ ಹಳ್ಳಿಗಳಲ್ಲಿ ಇಡೀ ಮನೆಗೆ ಒಂದೇ ಮೊಬೈಲ್ ಸಂಖ್ಯೆ ಬರೆಸುವ ರೂಢಿ ಇನ್ನೂ ಇದೆ. ಲಕ್ಷ್ಮಮ್ಮ ಮತ್ತು ಅವರ ಮಗ ಮಂಜುನಾಥ ಒಂದೇ ಸಂಖ್ಯೆ ಕೊಟ್ಟಿದ್ದಾರೆ. ಆ ಮಂಜುನಾಥನ ಹೆಸರಿನವರೇ ಅದೇ ಊರಿನಲ್ಲಿ ಇನ್ನೊಬ್ಬರಿದ್ದಾರೆ. ಲಕ್ಷ್ಮಮ್ಮನಿಗೂ ಆ ಎರಡನೆಯ ಮಂಜುನಾಥನಿಗೂ ಹೆಸರು, ಸಂಖ್ಯೆ, ಮನೆ ಯಾವುದೂ ಒಂದಲ್ಲ. ಆದರೂ ಪ್ರೋಗ್ರಾಂ ಅವರನ್ನು ಒಬ್ಬರನ್ನಾಗಿ ಮಾಡುತ್ತದೆ. ಗಣಿತ ಇಲ್ಲಿ ಸ್ಪಷ್ಟ. ಎರಡು ಸಮಾನತಾ ಸಂಬಂಧಗಳನ್ನು "ಮತ್ತು" ಎಂದು ಸೇರಿಸಿದರೆ ಸಿಗುವುದು ಸಮಾನತಾ ಸಂಬಂಧವೇ, ವರ್ಗಗಳು ಇನ್ನಷ್ಟು ಸಣ್ಣದಾಗುತ್ತವೆ ಅಷ್ಟೇ. "ಅಥವಾ" ಎಂದು ಸೇರಿಸಿದರೆ ಆ ಭರವಸೆ ಇಲ್ಲ.

ಎರಡನೆಯ ಮೂಲ "ಹತ್ತಿರ ಹತ್ತಿರ". ಕಾಗುಣಿತದ ತಪ್ಪುಗಳನ್ನು ಹಿಡಿಯಲೆಂದು "ಒಂದು ಅಕ್ಷರ ಮಾತ್ರ ಬೇರೆಯಿದ್ದರೆ ಒಂದೇ" ಎಂದು ನಿಯಮ ಹಾಕುತ್ತಾರೆ. ಸುಮಾ ಮತ್ತು ಸುಧಾ ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಸುಧಾ ಮತ್ತು ರಾಧಾ ನಡುವೆಯೂ ಅಷ್ಟೇ. ಸುಮಾ ಮತ್ತು ರಾಧಾ ಹೆಸರುಗಳಲ್ಲಿ ಒಂದು ಅಕ್ಷರವೂ ಸಮವಿಲ್ಲ. ಫ್ರೆಂಚ್ ಗಣಿತಜ್ಞ ಆನ್ರಿ ಪಾಂಕಾರೆ ಇದನ್ನು ತೂಕಗಳ ಉದಾಹರಣೆಯಿಂದ ತೋರಿಸಿದ್ದರು: 10 ಗ್ರಾಂ ಮತ್ತು 11 ಗ್ರಾಂ ಕೈಗೆ ಒಂದೇ ಎನಿಸುತ್ತವೆ, 11 ಮತ್ತು 12 ಕೂಡ ಒಂದೇ ಎನಿಸುತ್ತವೆ, ಆದರೆ 10 ಮತ್ತು 12 ಬೇರೆ ಎಂದು ಸುಲಭವಾಗಿ ತಿಳಿಯುತ್ತದೆ. ಸಾಮೀಪ್ಯ ಎಂದೂ ಸಮಾನತೆಯಲ್ಲ. ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಎಲ್ಲಿಂದ ಎಲ್ಲಿಗಾದರೂ ಹೋಗಬಹುದು.

ಇಲ್ಲಿ ಒಂದು ಪ್ರಸಿದ್ಧ ಸಾಧನದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಜೋಡಿಗಳಿಂದ ಗುಂಪು ಕಟ್ಟಲು ಬಹುತೇಕ ಪ್ರೋಗ್ರಾಂಗಳು ಯೂನಿಯನ್–ಫೈಂಡ್ ಎಂಬ ವಿಧಾನವನ್ನು ಬಳಸುತ್ತವೆ. ಬರ್ನಾರ್ಡ್ ಗ್ಯಾಲರ್ ಮತ್ತು ಮೈಕೆಲ್ ಫಿಷರ್ 1964ರಲ್ಲಿ ಪ್ರಕಟಿಸಿದ ಈ ವಿಧಾನ ವೇಗದಲ್ಲೂ ಸರಳತೆಯಲ್ಲೂ ಬಹಳ ಚೆಲುವಾದದ್ದು. ಆದರೆ ಅದು ಸಂಕ್ರಮಣವನ್ನು ಪರೀಕ್ಷಿಸುವುದಿಲ್ಲ, ಹೇರುತ್ತದೆ. ಕ–ಖ, ಖ–ಗ ಎಂದು ಕೊಟ್ಟರೆ ಕ–ಗ ನಿಜವೇ ಎಂದು ಕೇಳದೆ ಮೂವರನ್ನೂ ಒಂದು ಮಾಡುತ್ತದೆ. ಹೊರಬರುವ ಗುಂಪುಗಳು ಯಾವಾಗಲೂ ಅಚ್ಚುಕಟ್ಟಾಗಿ ಇರುವುದರಿಂದ ಒಳಗಿನ ನಿಯಮ ಕೆಟ್ಟಿದೆ ಎಂಬುದು ಗೊತ್ತೇ ಆಗುವುದಿಲ್ಲ.

ಪತ್ತೆ ಹಚ್ಚಲು ಜೋಡಿಗಳನ್ನು ಎಣಿಸಿ. ನಾಲ್ವರ ಗುಂಪಿನಲ್ಲಿ 6 ಜೋಡಿಗಳು, ಐವರಲ್ಲಿ 10. ಆ ಜೋಡಿಗಳಲ್ಲಿ ಎಷ್ಟು ನಿಮ್ಮ ನಿಯಮದ ಪ್ರಕಾರ ನೇರವಾಗಿ ಹೊಂದುತ್ತವೆ? ನಾಲ್ವರ ಗುಂಪಿನಲ್ಲಿ 6ಕ್ಕೆ 6 ಹೊಂದಿದರೆ ನೆಮ್ಮದಿ. 3 ಮಾತ್ರ ಹೊಂದಿದರೆ ಅವರನ್ನು ಸೇರಿಸಿದ್ದು ಕೊಂಡಿಗಳು, ಹೋಲಿಕೆಯಲ್ಲ. ಅಂಥ ಗುಂಪುಗಳನ್ನು ಬೇರೆ ತೆಗೆದಿಟ್ಟು ಮನುಷ್ಯರಿಂದಲೇ ಓದಿಸಿ. ಹೋಲಿಕೆಯ ನಿಯಮವನ್ನು ಸೂಚನೆಗೆ ಮಾತ್ರ ಬಳಸಿ, ತೀರ್ಮಾನಕ್ಕೆ ಕೀಲಿಯನ್ನು ಬಳಸಿ ಎಂಬುದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಕೀಲಿಗೂ ಒಂದು ಬೆಲೆ ಇದೆ: ಗಡಿಯ ಆಚೆ ಈಚೆ ಇರುವ ಎರಡು, ಎಷ್ಟೇ ಹತ್ತಿರವಿದ್ದರೂ, ಬೇರೆ ವರ್ಗಗಳಿಗೆ ಬೀಳುತ್ತವೆ. ಪೂರ್ಣಾಂಕಕ್ಕೆ ಸರಿದೂಗಿಸಿದರೆ 9.49 ಎಂಬುದು 9 ಆಗುತ್ತದೆ, 9.51 ಎಂಬುದು 10 ಆಗುತ್ತದೆ. ಆ ಬೆಲೆಯನ್ನು ತಿಳಿದೇ ತೆರಬೇಕು.

ಲಕ್ಷಣ: ಗುಂಪುಗಳು ಸರಿ, ಮೊತ್ತಗಳು ಬೇರೆ

ಪಟ್ಟಿ ಕಲಸಿ ಓಡಿಸಿದಾಗ ಗುಂಪುಗಳು ಹಾಗೆಯೇ ಇದ್ದು, ವಿಳಾಸ, ದಿನಾಂಕ, ಮೊತ್ತಗಳು ಮಾತ್ರ ಬದಲಾದರೆ ದೋಷ ಪ್ರತಿನಿಧಿಯಲ್ಲಿದೆ. ವರ್ಗದ ಬಗ್ಗೆ ಕೇಳಿದ ಪ್ರಶ್ನೆಗೆ, ಅದರೊಳಗಿಂದ ಯಾರನ್ನು ಎತ್ತಿಕೊಂಡರೂ ಒಂದೇ ಉತ್ತರ ಬರಬೇಕು. ಗಣಿತದಲ್ಲೂ ಇದು ತಾನಾಗಿ ಆಗುವುದಿಲ್ಲ. 3ರಿಂದ ಭಾಗಿಸಿದ ಶೇಷಗಳ ಲೆಕ್ಕದಲ್ಲಿ 1 ಮತ್ತು 4 ಒಂದೇ ವರ್ಗ. ಕೂಡುವಾಗ, ಗುಣಿಸುವಾಗ ಯಾವುದನ್ನು ತೆಗೆದುಕೊಂಡರೂ ಉತ್ತರದ ವರ್ಗ ಒಂದೇ. ಆದರೆ ಘಾತಾಂಕದ ಜಾಗದಲ್ಲಿ ಇಟ್ಟು ನೋಡಿ: 2ರ ಒಂದನೆಯ ಘಾತ 2, ಶೇಷ 2, ನಾಲ್ಕನೆಯ ಘಾತ 16, ಶೇಷ 1. ಲೆಕ್ಕ ಮುರಿದುಬಿತ್ತು.

ನಮ್ಮ ಪಟ್ಟಿಯಲ್ಲಿ "ಮೊದಲು ಸಿಕ್ಕ ದಾಖಲೆಯ ದಿನಾಂಕ" ಎಂಬುದು ಪ್ರತಿನಿಧಿಯನ್ನು ಅವಲಂಬಿಸಿದೆ. "ಎಲ್ಲ ದಿನಾಂಕಗಳಲ್ಲಿ ಅತಿ ಹಳೆಯದು" ಎಂಬುದು ಅವಲಂಬಿಸಿಲ್ಲ. ಕಟ್ಟಿದ ಶುಲ್ಕವನ್ನು ಕೂಡುವಾಗ ಇನ್ನೊಂದು ತೊಡಕಿದೆ: ಒಂದೇ ರಸೀದಿ ಎರಡು ದಾಖಲೆಗಳಲ್ಲಿ ನಮೂದಾಗಿದ್ದರೆ ಹಣ ಎರಡು ಸಲ ಎಣಿಕೆಯಾಗುತ್ತದೆ. ರಸೀದಿ ಸಂಖ್ಯೆಯ ಮೇಲೆ ಮೊದಲು ವರ್ಗ ಮಾಡಿ, ಆಮೇಲೆ ಕೂಡಬೇಕು.

ಲಕ್ಷಣ: ಎಲ್ಲ ಪರೀಕ್ಷೆಗಳೂ ಸರಿ, ಅನುಮಾನ ಮಾತ್ರ ಉಳಿದಿದೆ

ಹೆಸರು, ತಂದೆಯ ಹೆಸರು, ಊರು ಎಲ್ಲವೂ ಒಂದೇ ಇರುವ ಎರಡು ಸಾಲುಗಳು. ಒಬ್ಬರನ್ನೇ ಎರಡು ಸಲ ಬರೆದಿದ್ದಾರೋ, ಇಬ್ಬರು ಬೇರೆಯೋ?

ಎಲೆಕ್ಟ್ರಾನಿಕ್ ಮಂಡಲಗಳನ್ನು ಪರೀಕ್ಷಿಸುವವರು ಈ ಪ್ರಶ್ನೆಯನ್ನು ದೋಷಗಳ ಬಗ್ಗೆಯೇ ಕೇಳಿದ್ದಾರೆ, ಅವರ ಉತ್ತರ ಕಲಿಯಲು ಯೋಗ್ಯ. ಎರಡು ಒಳತಂತಿ, ಒಂದು ಹೊರತಂತಿ ಇರುವ ಆಂಡ್ ಗೇಟ್ ತೆಗೆದುಕೊಳ್ಳಿ. ಎರಡೂ ಒಳತಂತಿಗಳಲ್ಲಿ 1 ಇದ್ದಾಗ ಮಾತ್ರ ಹೊರಗೆ 1 ಬರುತ್ತದೆ. ಪ್ರತಿ ತಂತಿಯೂ 0 ಅಥವಾ 1ರಲ್ಲಿ ಸಿಕ್ಕಿಕೊಳ್ಳಬಹುದು, ಒಟ್ಟು 6 ದೋಷಗಳು. ಒಂದನೆಯ ಒಳತಂತಿ 0ಯಲ್ಲಿ ಸಿಕ್ಕಿಕೊಂಡರೂ, ಎರಡನೆಯದು ಸಿಕ್ಕಿಕೊಂಡರೂ, ಹೊರತಂತಿಯೇ 0ಯಲ್ಲಿ ಸಿಕ್ಕಿಕೊಂಡರೂ ಹೊರಗೆ ಬರುವುದು ಯಾವಾಗಲೂ 0. ಒಳಗೆ ಏನೇ ಕೊಟ್ಟರೂ ಈ ಮೂರನ್ನು ಬೇರ್ಪಡಿಸಲಾಗದು. ಅವು ಒಂದೇ ಸಮಾನತಾ ವರ್ಗ. ಹೀಗೆ 6 ದೋಷಗಳು 4 ವರ್ಗಗಳಾಗುತ್ತವೆ. ಒಳತಂತಿಗಳಿಗೆ 11, 01, 10 ಎಂದು ಕೊಡುವ ಮೂರು ಪರೀಕ್ಷೆಗಳಿಂದ ನಾಲ್ಕನ್ನೂ ಗುರುತಿಸಬಹುದು, 00 ಕೊಟ್ಟು ನೋಡುವ ಅಗತ್ಯವಿಲ್ಲ. ಮೊದಲ ವರ್ಗದೊಳಗಿನ ಮೂರರಲ್ಲಿ ಯಾವುದು ಎಂದು ತಿಳಿಯಬೇಕಾದರೆ ಗೇಟ್‌ನ ಒಳಗಿನ ತಂತಿಗಳನ್ನೇ ಅಳೆಯಬೇಕು.

ಪಟ್ಟಿಯ ವಿಷಯದಲ್ಲೂ ಹೀಗೆಯೇ. ಇರುವ ಕಾಲಂಗಳಿಂದ ಬೇರ್ಪಡಿಸಲಾಗದ ಎರಡು ಸಾಧ್ಯತೆಗಳನ್ನು ಇನ್ನೂ ಜಾಣ ಪ್ರೋಗ್ರಾಂ ಬರೆದು ಬೇರ್ಪಡಿಸಲು ಸಾಧ್ಯವಿಲ್ಲ. ಅಲ್ಲಿ ಗಂಟೆಗಟ್ಟಲೆ ಕೂತು ನಿಯಮ ತಿದ್ದುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೊಸ ಅಳತೆಯೊಂದು ಬೇಕು: ಜನ್ಮದಿನಾಂಕ, ಹಳೆಯ ಅರ್ಜಿಯ ಮೇಲಿನ ಸಹಿ, ಮನೆ ಸಂಖ್ಯೆ, ಏನಾದರೊಂದು. ಅದು ಸಿಗುವ ತನಕ ಎರಡು ಸಾಲುಗಳನ್ನೂ ಬೇರೆ ಬೇರೆ ವರ್ಗದಲ್ಲೇ ಇಟ್ಟು, "ಪರಿಶೀಲಿಸಬೇಕು" ಎಂದು ಗುರುತು ಹಾಕಿ. ಕೊಟ್ಟಿರುವ ಮೊಬೈಲ್ ಸಂಖ್ಯೆಗೆ ಕರೆ ಮಾಡಿ ಕೇಳಿದರೆ ಎರಡು ನಿಮಿಷದಲ್ಲಿ ತೀರುವ ವಿಷಯವೂ ಇರಬಹುದು.